ಯಾವ ಊರಿಗೆ ಹೋಗೋಣ

ಹಳೇ ಆಟ ಮುಗಿಯಿತು ಹೋದ ಅಮಾವಾಸ್ಯೆಗೆ.
ಅರಸನೂ ಸತ್ತ, ಕಳ್ಳನೂ ಸತ್ತ,
ನಸೀಮಾಳ ಗಿಡುಗ ಹಾರಿಹೋಯಿತು.
ಈಗ ನಾವು ನಾಲ್ವರು
ಊರಿಲ್ಲದವರು.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನ ಟೈಪಿಂಗ್ ಅಂಗಡಿ.
ಹಗಲು ಪಹಣಿ ಅರ್ಜಿ, ಮದುವೆ ಕರೆಯೋಲೆ, ವಂಶವೃಕ್ಷ;
ಹತ್ತು ಗಂಟೆ ಮೇಲೆ ಶಟರು ಅರ್ಧ ಇಳಿಸಿ
ಅದೇ ಕೀಲಿಮಣೆಯಲ್ಲಿ ಕೋಟೆ ಕಟ್ಟುತ್ತೇನೆ.
ಮೈಸೂರಿನ ಉದಯಗಿರಿಯಿಂದ ನಸೀಮಾ ಬರುತ್ತಾಳೆ,
ಮದ್ದೂರಿನಿಂದ ರೈಲ್ವೆ ಗೇಟಿನ ಪುಟ್ಟಮಾದು,
ಮೇಲುಕೋಟೆಯಿಂದ ಯದುಗಿರಿ.
ಬರುವುದೆಂದರೆ, ಅಕ್ಷರವಾಗಿ ಬರುವುದು.
ಮುಖ ನೋಡಿಲ್ಲ ನಾವು ಒಬ್ಬರದೊಬ್ಬರು.
ಚಿತ್ರವಿಲ್ಲದ ಆಟ ಇದು.
‘ಮೂಡಲಿಗೆ ಹೋಗು’ ಅಂತ ಬರೆದರೆ ಮೂಡಲು,
‘ದೀಪ ಹಚ್ಚು’ ಅಂದರೆ ಬೆಳಕು;
ಬರೆಯದಿದ್ದರೆ ಕತ್ತಲೂ ಇಲ್ಲ.

ಹೊಸ ಆಟಕ್ಕೆ ಯಾವ ಕತೆಯ ಊರು?
ಅದಕ್ಕೇ ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ
ಮೈಸೂರಿನ ಹಳೇ ಪುಸ್ತಕದಂಗಡಿಗೆ ಹೋದೆ.
ಕೈಚೀಲ ತುಂಬ ಲೋಕಗಳು, ಕೆ.ಜಿ. ಲೆಕ್ಕದಲ್ಲಿ.

ಮೊದಲನೆಯದು ದೊಡ್ಡ ಕಾದಂಬರಿ, ರಟ್ಟಿನ ಬೈಂಡು.
ಊರೆಂದರೆ ಊರು: ಬಾವಿಗೆಷ್ಟು ಮೆಟ್ಟಿಲು,
ಶಾನುಭೋಗರ ಹಸುವಿಗೆ ಏನು ಹೆಸರು,
ಎಲ್ಲವೂ ಬರೆದಿದೆ.
ಮೂರು ರಾತ್ರಿ ಅದರಲ್ಲಿ ಅಲೆದೆವು.
ಯಾವ ಜಗುಲಿಗೆ ಹೋದರೂ ಯಾರೋ ಕೂತಿದ್ದಾರೆ,
ಯಾವ ಮಾತಿಗೆ ಬಾಯಿ ತೆರೆದರೂ ಅದನ್ನಾಗಲೇ ಯಾರೋ
ನಮಗಿಂತ ಚೆನ್ನಾಗಿ ಆಡಿದ್ದಾರೆ.
“ಒಳ್ಳೇ ಪುಸ್ತಕ ಕಣಕ್ಕ” ಅಂದ ಪುಟ್ಟಮಾದು,
“ಆದ್ರೆ ಬಸ್ಸು ಫುಲ್ಲು. ಫುಟ್‌ಬೋರ್ಡಲ್ಲೂ ಜಾಗ ಇಲ್ಲ.”

ಎರಡನೆಯದರಲ್ಲಿ ನಾಯಕ.
ಬರೀ ನಾಯಕ. ಅವನು ಎದ್ದರೆ ಬೆಳಗು,
ಅವನು ತಿರುಗಿದ ಬೀದಿ ಬಿಟ್ಟು ಬೇರೆ ಬೀದಿಯಿಲ್ಲ.
ಅವನನ್ನು ತೆಗೆದು ನೋಡಿದೆವು,
ಊರೇ ಗೂಟ ಕಿತ್ತ ಡೇರೆಯಂತೆ ಮಲಗಿತು.

ಮೂರನೆಯದು ಅರಮನೆ, ಏಳು ರಾಣಿಯರು, ವಿಷದ ಬಟ್ಟಲು.
ಯದುಗಿರಿಗೆ ಇಷ್ಟ.
ನಸೀಮಾ ಬಹಳ ಹೊತ್ತು ಏನೂ ಬರೆಯಲಿಲ್ಲ.
ಆಮೇಲೆ ಬರೆದಳು:
“ಇದರಲ್ಲಿ ನಮ್ಮಂಥವರು ಬರೋದು ಒಂದೇ ಅಧ್ಯಾಯ,
ಅದೂ ಊರಿಗೆ ಬೆಂಕಿ ಇಡೋಕೆ.
ನಾನು ಬಟ್ಟೆ ಹೊಲಿಯುವವಳಾಗಿ ಬರಲಾ?
ಬಂದರೆ ಕಾವಲಿನವನು ಒಳಗೆ ಬಿಡ್ತಾನಾ?”
ಯದುಗಿರಿಯ ಕಡೆಯಿಂದ ಕರ್ಸರ್ ಮಿಟುಕುತ್ತಲೇ ಇತ್ತು.
ಆ ಪುಸ್ತಕ ಮಡಚಿಟ್ಟೆವು.
ಕಾವಲಿನವನನ್ನು ಬೇರೆ ಥರ ಬರೆಯಬಹುದಿತ್ತು.
ಬರೆಯಬೇಕಿತ್ತೋ ಏನೋ, ಈಗಲೂ ಯೋಚಿಸುತ್ತೇನೆ.

ಕೊನೆಗೆ ಚೀಲದ ತಳದಲ್ಲಿ
ತೂಕ ತುಂಬಲೆಂದು ಅಂಗಡಿಯವ ಹಾಕಿದ್ದ ಪತ್ತೇದಾರಿ.
ಮುಖಪುಟವಿಲ್ಲ, ಹೆಸರಿಲ್ಲ,
ಕೊನೆಯ ಹದಿನಾರು ಪುಟವೂ ಇಲ್ಲ.
ಭಾಷೆಯ ಸುದ್ದಿ ಬೇಡ; ಎಲ್ಲರೂ ಗಹಗಹಿಸಿಯೇ ನಗುತ್ತಾರೆ.
ಎಪ್ಪತ್ತೊಂದನೇ ಪುಟದಲ್ಲಿ ಕಾರು ಕೆಟ್ಟು
ಪತ್ತೇದಾರ ಒಂದು ರಾತ್ರಿ ತಂಗುತ್ತಾನೆ
ನಾಲೆ ಪಕ್ಕದ ಊರಲ್ಲಿ. ಹೆಸರು ತೊರೆಬಾಗಿಲು.
ಆ ಊರಿಗೆ ಸಿಕ್ಕಿರುವುದು ಮೂರೇ ಸಾಲು:
ಒಂದು ಆಲೆಮನೆ, ಹೊಗೆ ಇದೆ, ಜನ ಕಾಣಲಿಲ್ಲ.
ಒಂದು ಅಂಚೆಪೆಟ್ಟಿಗೆ, ಬೀಗ ಒಡೆದಿದೆ.
ದೂರದಲ್ಲಿ ಯಾರೋ ಯಾರನ್ನೋ ಕೂಗಿದರು.
ಬೆಳಗಾಯಿತು, ಕಾರು ರಿಪೇರಿ, ಅವನು ಹೊರಟ.
ಕೂಗಿದ್ದು ಯಾರೆಂದು ತಿರುಗಿ ಸಹ ಕೇಳಲಿಲ್ಲ,
ಪತ್ತೇದಾರನಂತೆ ಪತ್ತೇದಾರ!

ಆ ರಾತ್ರಿ ಮೂವರೂ ಒಟ್ಟಿಗೇ ಬಂದರು.
“ಹೊಗೆ ಇದ್ರೆ ಬೆಲ್ಲ ಕಾಯ್ತಾ ಅದೆ” ಪುಟ್ಟಮಾದು,
“ಕೊಪ್ಪರಿಗೆ ತಿರುವೋನು ನಾನು.”
“ಬೀಗ ಒಡೆದವಳು ನಾನು” ಯದುಗಿರಿ,
“ಯಾಕೆ ಅಂತ ಈಗಲೇ ಹೇಳಲ್ಲ.”
ನಾನು ಟೈಪಿಸಿದೆ: ಬಡಗಲಿಗೆ ನಾಲೆ, ತೆಂಕಲಿಗೆ ಕಬ್ಬು,
ಪಡುವಲು ಇನ್ನೂ ಬರೆದಿಲ್ಲ.
ನಸೀಮಾ ಕೇಳಿದಳು, “ಕೂಗಿದ್ದು ಯಾರನ್ನ?”
ಗೊತ್ತಿಲ್ಲ ಅಂದೆ.
ಒಂದು ಸಾಲು ಖಾಲಿ ಬಿಟ್ಟು
ಅವಳು ಬರೆದಳು:

“ಓ.”